ಶರತ್ಕಾಲದ ಪಾತಿಗೆ ಬಣ್ಣ: ನೋಡಲೂ ತಿನ್ನಲೂ ಒದಗುವ ಗಿಡಗಳನ್ನು ಬೆಳೆಸುವ ಬಗೆ

ಬೇಸಗೆಯ ಹೂಗಿಡಗಳು ಸೊರಗಿ, ತರಕಾರಿ ಬಳ್ಳಿಗಳು ಒಣಗುವ ಹೊತ್ತಿಗೆ ಹೆಚ್ಚಿನ ಕೈತೋಟಗಳಲ್ಲಿ ಉಳಿಯುವುದು ಬರಿಯ ಮಣ್ಣು ಮತ್ತು ಆಸರೆಗೆ ನೆಟ್ಟ ಕೋಲುಗಳು. ಆಗ ನರ್ಸರಿಯಿಂದ ಹೂ ಬಿಟ್ಟ ಸೇವಂತಿಗೆಯ ಕುಂಡಗಳನ್ನು ತಂದಿಟ್ಟರೆ ಮೂರು ನಾಲ್ಕು ವಾರ ತೋಟ ತುಂಬಿದಂತೆ ಕಾಣುತ್ತದೆ, ನಿಜ. ಆದರೆ ಅದೇ ಜಾಗದಲ್ಲಿ ಕೆಂಪು, ಹಳದಿ ದಂಟಿನ ಸ್ವಿಸ್ ಚಾರ್ಡ್ ಸೊಪ್ಪು, ನೇರಳೆ ಸಾಸಿವೆ, ನಡುವೆ ಗುಲಾಬಿ ಬಣ್ಣ ತಾಳುವ, ಎಲೆಕೋಸಿನ ಬಳಗದ ಕೇಲ್ ಸೊಪ್ಪು, ಕೆಂಪು ಪುಂಡಿ, ದಿನಕ್ಕೊಂದು ಬಣ್ಣ ತೋರುವ ಮೆಣಸು ಇವುಗಳನ್ನು ಬೆಳೆಸಿದರೆ ಎರಡು ಮೂರು ತಿಂಗಳು ಕಣ್ಣಿಗೂ ಅಡುಗೆಮನೆಗೂ ಒದಗುತ್ತವೆ. ತೊಡಕು ಇರುವುದು ಎರಡು ಕಡೆ. ಶರತ್ಕಾಲ ಬಂದ ಮೇಲೆ ಈ ಗಿಡಗಳನ್ನು ನೆನಪಿಸಿಕೊಂಡರೆ ತಡವಾಗಿರುತ್ತದೆ. ಬೆಳೆದ ಮೇಲೆ ಕೊಯ್ದರೆ ಅಂದ ಕೆಡುತ್ತದೆ, ಅಂದ ಉಳಿಸಹೋದರೆ ಕೊಯ್ಯಲಾಗದು. ಈ ಬರಹದ ಹೆಚ್ಚಿನ ಭಾಗ ಈ ಎರಡು ಗಂಟುಗಳನ್ನು ಬಿಡಿಸುವುದಕ್ಕೇ ಮೀಸಲು.

ಬಣ್ಣ ಬರುವ ಕಾರಣ ತಿಳಿದಿರಲಿ

ಗಿಡ ಆರಿಸುವ ಮುನ್ನ ಅದರ ಬಣ್ಣ ಯಾವುದರಿಂದ ಬರುತ್ತದೆ ಎಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕೇಲ್, ಕೆಂಪು ಎಲೆಕೋಸು, ನೇರಳೆ ಸಾಸಿವೆ, ಕೆಂಪು ಲೆಟ್ಯೂಸ್, ನೇರಳೆ ಕಾಮಕಸ್ತೂರಿ ಇವುಗಳಲ್ಲಿ ಇರುವುದು ಆಂಥೊಸಯನಿನ್ ಎಂಬ ವರ್ಣದ್ರವ್ಯ. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು ಇದ್ದಾಗ ಗಿಡ ಇದನ್ನು ಹೆಚ್ಚಾಗಿ ತಯಾರಿಸುತ್ತದೆ. ನೆರಳಿನಲ್ಲಿಟ್ಟ ಕೆಂಪು ಲೆಟ್ಯೂಸ್ ಹಸಿರಾಗಿಯೇ ಉಳಿಯುವುದಕ್ಕೆ ಕಾರಣ ಇದೇ. ಚಾರ್ಡ್, ಬೀಟ್‌ರೂಟ್, ಕೆಂಪು ದಂಟಿನ ಸೊಪ್ಪು ಇವುಗಳ ಬಣ್ಣ ಬೇರೆಯದೇ ಗುಂಪಿನದು, ಬೀಟಾಲೇನ್ ಎಂದು ಅದರ ಹೆಸರು. ಚಾರ್ಡಿನ ದಂಟು ಮೊಳಕೆಯಲ್ಲೇ ಬಣ್ಣ ತೋರುವುದರಿಂದ ಚಳಿಗಾಗಿ ಕಾಯಬೇಕಿಲ್ಲ. ಬ್ಲೂಬೆರಿ, ಪರ್ಸಿಮನ್‌ನಂಥ ಎಲೆ ಉದುರಿಸುವ ಗಿಡಗಳಲ್ಲಿ ಪತ್ರಹರಿತ್ತು ಕರಗಿ ಅದರ ಮರೆಯಲ್ಲಿದ್ದ ಹಳದಿ, ಕಿತ್ತಳೆ ಬಣ್ಣಗಳು ಹೊರಬರುತ್ತವೆ. ಅವುಗಳ ಜೊತೆಗೆ ಕೆಂಪು ಹೊಸದಾಗಿ ಸೇರಿಕೊಳ್ಳುತ್ತದೆ.

ಇದರಿಂದ ಒಂದು ಅನುಕೂಲವಿದೆ. ಚಾರ್ಡ್ ಮತ್ತು ದಂಟಿನ ಸೊಪ್ಪು ಋತುವಿನ ಆರಂಭದಲ್ಲೇ ಪಾತಿಯನ್ನು ತುಂಬುತ್ತವೆ, ಮೆಣಸು ಮತ್ತು ಪುಂಡಿ ನಡುಗಾಲದಲ್ಲಿ ಬಣ್ಣ ಏರಿಸುತ್ತವೆ, ಅವು ಚಳಿಗೆ ಕುಸಿಯುವ ಹೊತ್ತಿಗೆ ಕೇಲ್ ಮತ್ತು ಎಲೆಕೋಸು ತಮ್ಮ ಸರದಿಗೆ ಸಿದ್ಧವಾಗಿರುತ್ತವೆ. ಎಲ್ಲವನ್ನೂ ಒಂದೇ ವಾರಕ್ಕೆ ಗುರಿಯಿಟ್ಟು ಬೆಳೆಸುವುದಕ್ಕಿಂತ ಹೀಗೆ ಒಂದರ ಹಿಂದೆ ಒಂದು ಬರುವಂತೆ ನೋಡಿಕೊಳ್ಳುವುದು ಲೇಸು.

ಹಿಂದಕ್ಕೆ ಎಣಿಸಿ ಬಿತ್ತನೆಯ ದಿನ ಗೊತ್ತುಮಾಡುವುದು

ಉತ್ತರಾರ್ಧಗೋಳದಲ್ಲಿ ಶರತ್ಕಾಲವೆಂದರೆ ಸುಮಾರಾಗಿ ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣಾರ್ಧಗೋಳದಲ್ಲಿ ಮಾರ್ಚ್‌ನಿಂದ ಮೇ. ನಿಮ್ಮ ಊರಿನಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಸಾಮಾನ್ಯವಾಗಿ ಯಾವಾಗ ಶುರುವಾಗುತ್ತದೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ. ಬೀಜದ ಪೊಟ್ಟಣದ ಮೇಲೆ ಬರೆದಿರುವ ಬೆಳವಣಿಗೆಯ ದಿನಗಳಿಗೆ 14 ದಿನ ಕೂಡಿಸಿ, ಆ ತಾರೀಖಿನಿಂದ ಹಿಂದಕ್ಕೆ ಎಣಿಸಿ. ಹಗಲು ಕುಗ್ಗುತ್ತಾ ಹೋದಂತೆ ಗಿಡದ ಬೆಳವಣಿಗೆಯೂ ನಿಧಾನವಾಗುವುದರಿಂದ ಈ ಎರಡು ವಾರಗಳ ಹೆಚ್ಚುವರಿ ಲೆಕ್ಕ ಅಗತ್ಯ. ಉದಾಹರಣೆಗೆ, 60 ದಿನದ ಕೇಲ್ ತಳಿಗೆ 14 ಸೇರಿಸಿದರೆ 74. ಹೆಪ್ಪುಗಟ್ಟುವ ಚಳಿ ನವೆಂಬರ್ 1ರ ಹೊತ್ತಿಗೆ ಬರುವುದಾದರೆ ಆಗಸ್ಟ್ 19ರ ಆಸುಪಾಸಿಗೆ ಬೀಜ ಮಣ್ಣಿನಲ್ಲಿರಬೇಕು.

ನಾನು ಮೊದಲ ವರ್ಷ ಈ ಲೆಕ್ಕವನ್ನು ಅಸಡ್ಡೆ ಮಾಡಿ, ತಂಪು ಹವೆ ಬಂದ ಮೇಲೆ ಕೇಲ್ ಬಿತ್ತಿದೆ. ಮೊಳಕೆ ಚೆನ್ನಾಗಿಯೇ ಬಂತು. ಆದರೆ ಅಂಗೈಯಗಲಕ್ಕೆ ಬೆಳೆದ ಗಿಡಗಳು ಅಲ್ಲಿಗೇ ನಿಂತವು, ಇಡೀ ಚಳಿಗಾಲ ಒಂದಿಂಚೂ ಮೇಲೇಳಲಿಲ್ಲ. ಹಗಲು ಹತ್ತು ಗಂಟೆಗಿಂತ ಕಡಿಮೆಯಾದಾಗ ಹೆಚ್ಚಿನ ಸೊಪ್ಪುಗಳ ಬೆಳವಣಿಗೆ ಬಹುತೇಕ ನಿಂತೇಹೋಗುತ್ತದೆ. ಬೆಳೆದು ನಿಂತ ಗಿಡ ಮಾತ್ರ ಆ ಕಾಲವನ್ನು ತನ್ನ ಪೂರ್ತಿ ಗಾತ್ರದಲ್ಲಿ ಕಳೆಯಬಲ್ಲದು.

ಹಿಮ ಬೀಳದ ಬೆಚ್ಚಗಿನ ಪ್ರದೇಶಗಳಲ್ಲಿ ಲೆಕ್ಕ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಅಲ್ಲಿ ಬೇಸಗೆಯ ಬಿಸಿ ಯಾವಾಗ ಮುರಿಯುತ್ತದೆ ಎಂಬುದೇ ಮುಖ್ಯ. ಮೆಣಸು, ಪುಂಡಿ, ದಂಟುಗಳನ್ನೇ ಪಾತಿಯ ಮುಖ್ಯ ಗಿಡಗಳಾಗಿ ಇಟ್ಟುಕೊಂಡು, ಕೇಲ್ ಮತ್ತು ಪ್ಯಾನ್ಸಿ ಹೂಗಿಡವನ್ನು ರಾತ್ರಿಗಳು ತಣ್ಣಗಾದ ಮೇಲೆ ಸೇರಿಸಿದರೆ ಸಾಕು.

ಗಿಡಗಳ ಆಯ್ಕೆ

ಒಂದೇ ಒಂದು ಗಿಡ ಬೆಳೆಸುವುದಾದರೆ ಚಾರ್ಡನ್ನು ಆರಿಸಿ. ಕೆಂಪು, ಗುಲಾಬಿ, ಕಿತ್ತಳೆ, ಹಳದಿ, ಬಿಳಿ ದಂಟುಗಳು ಒಂದೇ ಪೊಟ್ಟಣದಿಂದ ಬರುವ ‘ಬ್ರೈಟ್ ಲೈಟ್ಸ್’ ಎಂಬ ಮಿಶ್ರಣಕ್ಕೆ 1998ರಲ್ಲಿ, ಹೊಸ ತಳಿಗಳಿಗೆ ಕೊಡುವ ಆಲ್-ಅಮೆರಿಕಾ ಸೆಲೆಕ್ಷನ್ಸ್ ಪ್ರಶಸ್ತಿ ದೊರೆತಿತ್ತು, ಇಂದಿಗೂ ಅದು ಹಿಂದೆ ಬಿದ್ದಿಲ್ಲ. ಚಾರ್ಡ್ ಮತ್ತು ಬೀಟ್‌ರೂಟ್ ಒಂದೇ ಪ್ರಭೇದದ ಗಿಡಗಳಾದ್ದರಿಂದ ಕಡುಗೆಂಪು ಎಲೆಯ ‘ಬುಲ್ಸ್ ಬ್ಲಡ್’ ಬೀಟ್‌ರೂಟನ್ನು ಅದರ ಪಕ್ಕದಲ್ಲೇ ಅಂಚಿಗೆ ಬೆಳೆಸಬಹುದು, ಆರೈಕೆಯಲ್ಲಿ ವ್ಯತ್ಯಾಸವಿಲ್ಲ.

ಕೇಲ್ ಕುಲದಲ್ಲಿ ಆಯ್ಕೆ ಬಹಳ. ನೇರಳೆ ಬಣ್ಣದ, ಅಂಚು ಗುಂಗುರಾದ ‘ರೆಡ್‌ಬೋರ್’ ಮೂರು ಅಡಿಯವರೆಗೆ ಬೆಳೆದು ಪಾತಿಯ ಹಿಂಬದಿಗೆ ಒಪ್ಪುತ್ತದೆ. ಉದ್ದನೆಯ ಕಡು ನೀಲಿ-ಹಸಿರು ಎಲೆಯ ‘ಲಚಿನಾತೊ’ ತಾನೇ ಮೆರೆಯುವುದಕ್ಕಿಂತ ಪಕ್ಕದಲ್ಲಿರುವ ಕಿತ್ತಳೆ ಹೂಗಳನ್ನು ಎತ್ತಿ ತೋರಿಸುವುದರಲ್ಲಿ ಜಾಣ. ನರ್ಸರಿಗಳಲ್ಲಿ ಸಿಗುವ, ದೊಡ್ಡ ಗುಲಾಬಿ ಹೂವಿನಂತೆ ಕಾಣುವ ಅಲಂಕಾರಿಕ ಕೇಲ್ ಕೂಡ ಇದೇ ಕುಲದ್ದು. ಅದನ್ನು ತಿನ್ನಬಹುದು, ಆದರೆ ತಳಿ ರೂಪಿಸಿದವರು ನೋಟಕ್ಕೆ ಗಮನ ಕೊಟ್ಟಿದ್ದರೇ ಹೊರತು ರುಚಿಗಲ್ಲ. ಎಲೆ ಗಡಸು ಮತ್ತು ಕಹಿ. ತಟ್ಟೆಯ ಅಂಚಿಗೆ ಅಲಂಕಾರವಾಗಿ ಇಡುವುದಕ್ಕೆ ಮಾತ್ರ ನಾನು ಅದನ್ನು ಬಳಸುತ್ತೇನೆ. ಈ ಬಗೆಯ ಕೇಲ್‌ಗೆ ಬಣ್ಣ ಬರಬೇಕಾದರೆ ರಾತ್ರಿಯ ಉಷ್ಣತೆ ಎರಡು ಮೂರು ವಾರ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ಬಣ್ಣ ತಾಳುವುದು ನಡುವಿನಿಂದ ಹೊಸದಾಗಿ ಬರುವ ಎಲೆಗಳು. ಹೊರಗಿನ ಹಳೆಯ ಎಲೆಗಳು ಹಸಿರಾಗಿಯೇ ಇರುತ್ತವೆ.

ಅಲಂಕಾರಿಕ ಮೆಣಸಿನ ಗಿಡದಲ್ಲಿ ಕಾಯಿಗಳು ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತವೆ, ಒಂದೇ ಗಿಡದಲ್ಲಿ ನೇರಳೆ, ಹಳದಿ, ಕಿತ್ತಳೆ, ಕೆಂಪು ಕಾಯಿಗಳು ಒಟ್ಟಿಗಿರುತ್ತವೆ. ‘ಬ್ಲ್ಯಾಕ್ ಪರ್ಲ್’ ತಳಿಯ ಎಲೆಯೇ ಕಪ್ಪು. ಮಣಿಯಂಥ ಅದರ ಕಾಯಿಗಳು ಕಪ್ಪಿನಿಂದ ನೇರವಾಗಿ ಕೆಂಪಿಗೆ ತಿರುಗುತ್ತವೆ. ಇವುಗಳಲ್ಲಿ ಹೆಚ್ಚಿನವು ತೀರಾ ಖಾರ, ಪರಿಮಳ ಮಾತ್ರ ಅಷ್ಟಕ್ಕಷ್ಟೇ. ಮಕ್ಕಳ ಕೈಗೆಟಕುವ ಅಂಚಿನಲ್ಲಿ ನೆಡಬೇಡಿ.

ಕೆಂಪು ಪುಂಡಿಯದು ಇನ್ನೊಂದು ಸ್ವಭಾವ. ಅದು ಹಗಲು ಕುಗ್ಗಿದ್ದನ್ನು ನೋಡಿಯೇ ಮೊಗ್ಗು ಕಟ್ಟುವ ಗಿಡ, ಹಾಗಾಗಿ ಎಷ್ಟೇ ಬೇಗ ಬಿತ್ತಿದರೂ ಹೂ ಬರುವುದು ಶರತ್ಕಾಲದಲ್ಲೇ. ಬೇಗ ಬಿತ್ತಿದರೆ ಗಿಡ ದೊಡ್ಡದಾಗುತ್ತದೆ ಅಷ್ಟೇ. ರಾತ್ರಿಯಿಡೀ ಉರಿಯುವ ದೀಪದ ಕೆಳಗೆ ನೆಟ್ಟರೆ ಅದಕ್ಕೆ ಕತ್ತಲೆಯ ಲೆಕ್ಕ ತಪ್ಪಿ ಮೊಗ್ಗು ತಡವಾಗುತ್ತದೆ. ಸೇವಂತಿಗೆಯೂ ಇದೇ ಜಾತಿಯ ಸ್ವಭಾವದ್ದು. ಬೆಳೆಗಾರರು ಕಪ್ಪು ಬಟ್ಟೆ ಹೊದಿಸಿ ಅದನ್ನು ಬೇಕಾದ ಕಾಲಕ್ಕೆ ಅರಳಿಸುವುದು ಈ ಗುಟ್ಟನ್ನು ತಿಳಿದೇ.

ಹೂಗಳಲ್ಲಿ ಪ್ಯಾನ್ಸಿ, ವಯೋಲಾ, ಕ್ಯಾಲೆಂಡುಲಾ, ನಸ್ಟರ್ಶಿಯಂ ನಾಲ್ಕು ಸಾಕು. ಎತ್ತರಕ್ಕೆ ಹಬ್ಬಿಸಲು ನೇರಳೆ ಕಾಯಿಯ ಚಪ್ಪರದವರೆಯಷ್ಟು ಚೆಲುವಾದ ಬಳ್ಳಿ ಇನ್ನೊಂದಿಲ್ಲ. ಖಾಯಂ ಗಿಡ ಬೇಕೆನ್ನುವವರು ಆಮ್ಲೀಯ ಮಣ್ಣಿನಲ್ಲಿ, ಅಂದರೆ ಪಿಎಚ್ 4.5ರಿಂದ 5.5ರ ನಡುವೆ, ಬ್ಲೂಬೆರಿಯನ್ನು ಬೆಳೆಸಬಹುದು. ಬೇಸಗೆಯಲ್ಲಿ ಹಣ್ಣು ಕೊಟ್ಟು, ಶರತ್ಕಾಲದಲ್ಲಿ ಅದರ ಎಲೆ ರಕ್ತವರ್ಣಕ್ಕೆ ತಿರುಗುತ್ತದೆ.

ಪಾತಿ ಮತ್ತು ಕುಂಡ

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ಬೇಸಗೆಯಲ್ಲಿ ಬಿಸಿಲಿದ್ದ ಜಾಗದಲ್ಲಿ ಶರತ್ಕಾಲದಲ್ಲೂ ಇರುತ್ತದೆಂದು ನಂಬಬೇಡಿ. ಸೂರ್ಯ ಕೆಳಗಿಳಿದಂತೆ ಗೋಡೆ, ಬೇಲಿ, ಮರಗಳ ನೆರಳು ಉದ್ದವಾಗುತ್ತದೆ. ಮಣ್ಣಿನ ಪಿಎಚ್ 6ರಿಂದ 7ರ ನಡುವೆ ಇದ್ದರೆ ಬ್ಲೂಬೆರಿ ಬಿಟ್ಟು ಉಳಿದವಕ್ಕೆಲ್ಲ ಸರಿಹೋಗುತ್ತದೆ. ಬೇಸಗೆ ಬೆಳೆ ತೆಗೆದ ಜಾಗದಲ್ಲಿ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ಮೇಲ್ಮಣ್ಣಿಗೆ ಬೆರೆಸಿ. ನಸ್ಟರ್ಶಿಯಂ ಹಾಕುವ ಮೂಲೆಗೆ ಮಾತ್ರ ಗೊಬ್ಬರ ಬೇಡ, ಕೊಬ್ಬಿದ ಮಣ್ಣಿನಲ್ಲಿ ಅದು ಬರೀ ಎಲೆ ಬಿಡುತ್ತದೆ. ಕುಂಡವಾದರೆ 25ರಿಂದ 30 ಸೆಂಟಿಮೀಟರ್ ಆಳವಿರಲಿ, ತಳದಲ್ಲಿ ನೀರು ಇಳಿಯುವ ರಂಧ್ರಗಳಿರಲಿ.

ಬಿತ್ತನೆ, ನಾಟಿ

ಚಾರ್ಡ್ ಮತ್ತು ಬೀಟ್‌ರೂಟಿನ ಬೀಜವೆಂದು ನಾವು ಕರೆಯುವುದು ನಿಜವಾಗಿ ಹಲವು ಬೀಜಗಳು ಅಂಟಿಕೊಂಡ ಒಣ ಕಾಯಿ. ಒಂದು ಗುಳಿಗೆ ಒಂದನ್ನೇ ಹಾಕಿದರೂ ಎರಡು ಮೂರು ಮೊಳಕೆ ಏಳುವುದು ಇದರಿಂದಲೇ. ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಹಾಕಿ. ಮೊಳಕೆ ಬಂದು ದಂಟಿನ ಬಣ್ಣ ಕಾಣತೊಡಗಿದ ಮೇಲೆ, ಬೇಕಾದ ಬಣ್ಣದ್ದನ್ನು ಉಳಿಸಿ ಮಿಕ್ಕವನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಕಿತ್ತರೆ ಉಳಿದದ್ದರ ಬೇರೂ ಅಲುಗುತ್ತದೆ. ಈ ಹಂತದಲ್ಲಿ ಅವಸರ ಮಾಡದಿದ್ದರೆ ಕೆಂಪು, ಹಳದಿ, ಗುಲಾಬಿ ಯಾವ ಕ್ರಮದಲ್ಲಿ ನಿಲ್ಲಬೇಕೆಂಬುದನ್ನು ನೀವೇ ತೀರ್ಮಾನಿಸಬಹುದು. ಹೆಚ್ಚಿನವರು ಕೈಬಿಡುವ ಅವಕಾಶ ಇದು. ಗಿಡದಿಂದ ಗಿಡಕ್ಕೆ 25 ಸೆಂಟಿಮೀಟರ್ ಅಂತರವಿರಲಿ.

ಕೇಲ್, ಎಲೆಕೋಸು, ಸಾಸಿವೆಗಳಿಗೆ ಒಂದು ಸೆಂಟಿಮೀಟರ್ ಆಳ ಸಾಕು. ಮಡಿಯಲ್ಲಿ ಸಸಿ ಮಾಡಿ, ಮೊಳಕೆಯ ಮೊದಲ ಬೀಜದೆಲೆಗಳನ್ನು ಬಿಟ್ಟು ನಾಲ್ಕೈದು ನಿಜ ಎಲೆ ಬಂದಾಗ ಸಂಜೆ ಹೊತ್ತಿನಲ್ಲಿ 40 ಸೆಂಟಿಮೀಟರ್ ಅಂತರಕ್ಕೆ ನೆಟ್ಟು, ಮೂರು ನಾಲ್ಕು ದಿನ ಮಧ್ಯಾಹ್ನದ ಬಿಸಿಲಿಗೆ ಬಟ್ಟೆ ಮರೆ ಕಟ್ಟಿ. ನೇರಳೆ ಸಾಸಿವೆಯನ್ನು ಪಾತಿಯಲ್ಲೇ ಬಿತ್ತಿ, 20 ಸೆಂಟಿಮೀಟರ್‌ಗೆ ಒಂದರಂತೆ ಉಳಿಸಿಕೊಳ್ಳಬಹುದು. ಲೆಟ್ಯೂಸ್ ಬೀಜದ ಗೋಜು ಬೇರೆ. ಮಣ್ಣಿನ ಉಷ್ಣತೆ 27 ಡಿಗ್ರಿ ದಾಟಿದರೆ ಅದು ಮೊಳೆಯಲು ಹಿಂಜರಿಯುತ್ತದೆ, ಜೊತೆಗೆ ಮೊಳೆಯಲು ಬೆಳಕನ್ನೂ ಬಯಸುತ್ತದೆ. ಹಾಗಾಗಿ ನೆರಳಿನಲ್ಲಿಟ್ಟ ತಟ್ಟೆಯಲ್ಲಿ, ಸಂಜೆ, ಮಣ್ಣು ಮುಚ್ಚದೆ ಮೇಲೆಯೇ ಒತ್ತಿ ತೇವ ಆರದಂತೆ ನೋಡಿಕೊಳ್ಳಿ.

ಮೆಣಸಿನ ಸಸಿಗಳನ್ನು ವಸಂತದಲ್ಲೇ, ನಾಟಿಗೆ ಎಂಟರಿಂದ ಹತ್ತು ವಾರ ಮೊದಲು, 25 ಡಿಗ್ರಿಗಿಂತ ಬೆಚ್ಚಗಿರುವ ಜಾಗದಲ್ಲಿ ಎಬ್ಬಿಸಿರಬೇಕು. ಪ್ಯಾನ್ಸಿ, ವಯೋಲಾ ಬೀಜಗಳು ಮೊಳೆಯಲು ಇದಕ್ಕೆ ವಿರುದ್ಧವಾಗಿ ಕತ್ತಲೆ ಮತ್ತು ತಂಪು ಬೇಕು.

ಸಂಜೆಯ ಬಿಸಿಲಿಗೆ ಎದುರಾಗಿ ನೆಡುವುದು

ಶರತ್ಕಾಲದ ಸೂರ್ಯ ಕೆಳಗಿರುತ್ತಾನೆ, ಬೆಳಕು ಓರೆಯಾಗಿ ಬರುತ್ತದೆ. ನೀವು ಕೂರುವ ಜಾಗ ಅಥವಾ ಕಿಟಕಿ ಮತ್ತು ಮುಳುಗುವ ಸೂರ್ಯ, ಇವೆರಡರ ನಡುವೆ ಚಾರ್ಡಿನ ಸಾಲು ಬರುವಂತೆ ನೆಟ್ಟು ನೋಡಿ. ನೆತ್ತಿಯ ಬಿಸಿಲಿನಲ್ಲಿ ಸಾಧಾರಣ ಸೊಪ್ಪಿನಂತೆ ಕಾಣುವ ಗಿಡ, ಸಂಜೆ ನಾಲ್ಕೂವರೆಗೆ ಬೆನ್ನ ಹಿಂದಿನಿಂದ ಬೆಳಕು ಬಿದ್ದಾಗ ಬೇರೆಯೇ ಆಗುತ್ತದೆ: ದಂಟುಗಳು ಬಣ್ಣದ ಗಾಜಿನ ಕೊಳವೆಗಳಂತೆ ಒಳಗಿನಿಂದ ಬೆಳಗುತ್ತವೆ, ಅಲ್ಲಿಂದ ಹೊರಟ ನರಗಳು ಎಲೆಯ ಹಸಿರಿನಲ್ಲಿ ಕವಲೊಡೆದು ಅಂಚಿನವರೆಗೂ ಕೆಂಪು ಗೆರೆ ಎಳೆಯುತ್ತವೆ. ಅದೇ ಗಿಡವನ್ನು ಗೋಡೆಗೆ ಒತ್ತಿ ನೆಟ್ಟರೆ ಇದರಲ್ಲಿ ಯಾವುದೂ ಕಾಣದು.

ನೇರಳೆ ಎಲೆಗಳಿಗೆ ಹಿನ್ನೆಲೆಯ ಚಿಂತೆ ಹೆಚ್ಚು. ಕಪ್ಪು ಮಣ್ಣಿನ ಮೇಲೆ ನೇರಳೆ ಸಾಸಿವೆ, ಕಪ್ಪೆಲೆಯ ಮೆಣಸು ಹತ್ತು ಹೆಜ್ಜೆ ದೂರದಿಂದ ಬರೀ ಹಳ್ಳದಂತೆ ತೋರುತ್ತವೆ. ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿ ಅಥವಾ ನಡುನಡುವೆ ಹಳದಿ ದಂಟಿನ ಚಾರ್ಡ್, ಕಿತ್ತಳೆ ಕ್ಯಾಲೆಂಡುಲಾ ಸೇರಿಸಿ. ಒಂದೊಂದು ಗಿಡವನ್ನು ಚದುರಿಸುವುದಕ್ಕಿಂತ ಒಂದೇ ಬಣ್ಣದ ಮೂರು ನಾಲ್ಕು ಗಿಡಗಳ ಗುಂಪು ಕಣ್ಣನ್ನು ಹಿಡಿಯುತ್ತದೆ.

ಕೇಸರಿಗೆ ಒಂದು ಮೂಲೆ

ಶುಷ್ಕ ಬೇಸಗೆ ಮತ್ತು ತಂಪಾದ ಚಳಿಗಾಲವಿರುವ ಕಡೆ ಇದ್ದರೆ ಕೇಸರಿ ಗಡ್ಡೆಗಳನ್ನು ಬೇಸಗೆಯ ಕೊನೆಯಲ್ಲಿ 10ರಿಂದ 15 ಸೆಂಟಿಮೀಟರ್ ಆಳಕ್ಕೆ, 10 ಸೆಂಟಿಮೀಟರ್ ಅಂತರದಲ್ಲಿ ನೆಡಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಆರರಿಂದ ಎಂಟು ವಾರಗಳಲ್ಲಿ ತಿಳಿನೇರಳೆ ಹೂ ನೆಲದಿಂದಲೇ ಮೇಲೇಳುತ್ತದೆ. ಪ್ರತಿ ಹೂವಿನಲ್ಲಿ ಮೂರೇ ಕೆಂಪು ಎಳೆಗಳು. ಒಣಗಿದ ಕೇಸರಿ ಒಂದು ಗ್ರಾಂ ಆಗಲು ಸುಮಾರು 150 ಹೂ ಬೇಕಾಗುವುದರಿಂದ ಇದನ್ನು ಲಾಭಕ್ಕಾಗಿ ನೆಡಬೇಡಿ, ಚೆಲುವಿಗಾಗಿ ನೆಡಿ. ಹೂ ಅರಳಿದ ಬೆಳಿಗ್ಗೆಯೇ ಚಿಮುಟದಿಂದ ಎಳೆಗಳನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಕಾಲ್ಚಿಕಮ್ ಎಂಬ ಗಡ್ಡೆಗಿಡವೂ ಇದೇ ಕಾಲದಲ್ಲಿ, ಹೆಚ್ಚುಕಡಿಮೆ ಇದೇ ಬಣ್ಣದಲ್ಲಿ ಅರಳುತ್ತದೆ, ಅದು ಪ್ರಾಣ ತೆಗೆಯುವ ವಿಷ. ಕೇಸರಿ ಹೂವಿನಲ್ಲಿ ಕೇಸರಗಳು, ಅಂದರೆ ಪರಾಗ ಹೊರುವ ಎಳೆಗಳು, ಮೂರು, ಕಾಲ್ಚಿಕಮ್‌ನಲ್ಲಿ ಆರು. ಕೇಸರಿಗೆ ಹುಲ್ಲಿನಂಥ ತೆಳು ಎಲೆಗಳು ಹೂವಿನ ಕಾಲದಲ್ಲೇ ಬರುತ್ತವೆ, ಕಾಲ್ಚಿಕಮ್ ಎಲೆಯಿಲ್ಲದೆ ಬೋಳಾಗಿ ಅರಳುತ್ತದೆ. ಎರಡನ್ನೂ ಒಂದೇ ತೋಟದಲ್ಲಿ ಬೆಳೆಸದಿರುವುದು ಎಲ್ಲಕ್ಕಿಂತ ಕ್ಷೇಮ.

ನೀರು, ಗೊಬ್ಬರ, ಹುಳು

ವಾರಕ್ಕೆ ಎರಡು ಮೂರು ಸಲ ಬುಡಕ್ಕೆ ಆಳವಾಗಿ ನೀರು ಕೊಡಿ, ಎಲೆಗೆ ಬೇಡ. ತಂಪು ಹವೆಯಲ್ಲಿ ಎಲೆಯ ಮೇಲಿನ ನೀರು ಬೇಗ ಆರುವುದಿಲ್ಲ, ಚುಕ್ಕೆ ರೋಗಕ್ಕೆ ದಾರಿಯಾಗುತ್ತದೆ. ಸಸಿ ಹಿಡಿದುಕೊಂಡ ಮೇಲೆ ಒಮ್ಮೆ ಸಾರಜನಕವಿರುವ ಗೊಬ್ಬರ ಸಾಕು. ಬಣ್ಣ ಏರತೊಡಗಿದಾಗ ಪೂರ್ತಿ ನಿಲ್ಲಿಸಿ, ಏಕೆಂದರೆ ಸಾರಜನಕ ಹೆಚ್ಚಾದಷ್ಟೂ ಎಲೆ ಹಸಿರಿಗೆ ಮರಳುತ್ತದೆ.

ಕೇಲ್, ಎಲೆಕೋಸಿಗೆ ಬಿಳಿ ಚಿಟ್ಟೆ ಬಂದು ಮೊಟ್ಟೆಯಿಡುತ್ತದೆ. ಎಲೆಯ ಬಣ್ಣದ್ದೇ ಹಸಿರು ಹುಳು ನಡುನರಕ್ಕೆ ಒರಗಿ ಮಲಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಪತ್ತೆಹಚ್ಚಲು ಕೆಳಗಿನ ಎಲೆಗಳ ಮೇಲೆ ಬಿದ್ದ ಕರಿಹಸಿರು ಹಿಕ್ಕೆಯನ್ನು ಹುಡುಕಿ, ಅಲ್ಲಿಂದ ಮೇಲಕ್ಕೆ ನೋಡಿ. ನಾಟಿಯ ದಿನವೇ ತೆಳು ಬಲೆ ಹೊದಿಸಿ ಬಣ್ಣ ಬರುವವರೆಗೆ ಇಟ್ಟರೆ ಈ ಪಾಡಿಲ್ಲ. ಸಾಸಿವೆಯ ಎಲೆಯಲ್ಲಿ ಸಣ್ಣ ತೂತು ಕೊರೆಯುವ ಜಿಗಿಕೀಟಕ್ಕೂ ಅದೇ ಬಲೆ ಮದ್ದು. ಹೇನುಗಳನ್ನು ನೀರಿನ ರಭಸದಿಂದ ತೊಳೆಯಿರಿ.

ಅಂದ ಕೆಡದಂತೆ ಕೊಯ್ಯುವುದು

ಒಮ್ಮೆ ಮನೆಗೆ ನೆಂಟರು ಬರುವ ಹಿಂದಿನ ಸಂಜೆ, ತೋಟ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿದ್ದ ನಾನೇ ಅಡುಗೆಗೆಂದು ಮುಂದಿನ ಸಾಲಿನ ಚಾರ್ಡನ್ನು ಬುಡಸಮೇತ ಕತ್ತರಿಸಿಬಿಟ್ಟೆ. ಮರುದಿನ ತೋರಿಸಲು ಉಳಿದದ್ದು ಬೆರಳುದ್ದದ ಬಣ್ಣದ ಮೋಟುಗಳು. ಅಂದಿನಿಂದ ಬಿತ್ತುವಾಗಲೇ ಗಿಡಗಳನ್ನು ಹಂಚಿಬಿಡುತ್ತೇನೆ: ಮೂರರಲ್ಲಿ ಎರಡು ಪಾಲು ನೋಟಕ್ಕೆ, ಒಂದು ಪಾಲು ಪಾತಿಯ ಹಿಂಬದಿಯಲ್ಲಿ ಅಡುಗೆಗೆ. ಹಿಂದಿನ ಸಾಲನ್ನು ಧಾರಾಳವಾಗಿ ಕೊಯ್ಯಬಹುದು, ಮುಂದಿನದಕ್ಕೆ ಕೈ ಹಾಕಬೇಕಾದರೆ ಕೆಲವು ನಿಯಮಗಳಿವೆ.

ಒಂದು ಗಿಡದಿಂದ ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಚಾರ್ಡ್, ಕೇಲ್‌ಗಳಲ್ಲಿ ಹೊರಗಿನ ಎಲೆಗಳನ್ನು, ಅದೂ ನೋಡುವವರಿಗೆ ಬೆನ್ನು ಮಾಡಿದ ಕಡೆಯಿಂದ, ಬುಡದಲ್ಲಿ ತಿರುಚಿ ಬಿಡಿಸಿ. ನಡುವಿನ ಐದಾರು ಎಲೆಗಳನ್ನು ಮುಟ್ಟಬೇಡಿ. ಪುಂಡಿಯಲ್ಲಿ ಹೂ ಉದುರಿ ಸುಮಾರು ಹತ್ತು ದಿನಕ್ಕೆ ಹೂವಿನ ಬುಡದ ಕೆಂಪು ಪುಷ್ಪಪಾತ್ರೆ ಕೊಬ್ಬಿದ್ದಾಗ, ಇನ್ನೂ ಎಳತಾಗಿರುವಾಗಲೇ ಬಿಡಿಸಿ. ಕೆಳಗಿನಿಂದ ಕೊಯ್ಯುತ್ತಾ ಬಂದರೆ ಮೇಲೆ ಹೊಸದು ಬರುತ್ತಿರುತ್ತದೆ. ಪ್ಯಾನ್ಸಿ ಮತ್ತು ಕ್ಯಾಲೆಂಡುಲಾ ಮಾತ್ರ ಕೊಯ್ದಷ್ಟೂ ಹೆಚ್ಚು ಹೂ ಬಿಡುವ ಉದಾರಿಗಳು, ಅಲ್ಲಿ ಸಂಕೋಚ ಬೇಡ. ಮೆಣಸನ್ನು ಚಳಿ ಬರುವವರೆಗೆ ಗಿಡದಲ್ಲೇ ಬಿಟ್ಟು, ಕೊನೆಗೆ ಒಟ್ಟಿಗೆ ಕೊಯ್ದು ಒಣಗಿಸುವುದು ನನ್ನ ರೂಢಿ.

ಬಾಯಿಗಿಡುವ ಮುನ್ನ

ಅಲಂಕಾರಕ್ಕೆಂದು ಮಾರುವ ಗಿಡಗಳಿಗೆ ತಿನ್ನುವ ಬೆಳೆಗೆ ಹಾಕಬಾರದ ಕೀಟನಾಶಕಗಳನ್ನು ಬಳಸಿರಬಹುದು. ಕೆಲವು ಔಷಧಗಳು ಗಿಡದ ಒಳಗೇ ಸೇರಿ ಹೊಸ ಎಲೆಗಳಿಗೂ ಹರಿಯುವುದರಿಂದ ತೊಳೆದರೆ ಹೋಗುವುದಿಲ್ಲ. ತಿನ್ನುವ ಉದ್ದೇಶವಿದ್ದರೆ ಬೀಜದಿಂದ ಬೆಳೆಸಿ, ಇಲ್ಲವೇ ತರಕಾರಿ ಸಸಿಯೆಂದೇ ಮಾರುವಲ್ಲಿ ತನ್ನಿ. ಜೆರುಸಲೆಮ್ ಚೆರಿ ಎಂಬ ಕುಂಡದ ಗಿಡದ ದುಂಡನೆಯ ಕಿತ್ತಳೆ ಹಣ್ಣುಗಳು ಅಲಂಕಾರಿಕ ಮೆಣಸನ್ನೇ ಹೋಲುತ್ತವೆ, ಅವು ವಿಷ. ಚಪ್ಪರದವರೆಯ ಬಲಿತ ಒಣ ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುವುದರಿಂದ ಹಸಿಯಾಗಿ ತಿನ್ನಬಾರದು. ಚೆನ್ನಾಗಿ ಬೇಯಿಸಿ, ಬೆಂದ ನೀರನ್ನು ಚೆಲ್ಲಬೇಕು. ಚಾರ್ಡಿನಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಿತಿಯಲ್ಲಿಡಬೇಕು. ಹೂಗಳಲ್ಲಿ ಕೇಸರ, ತೊಟ್ಟು ತೆಗೆದು ದಳಗಳನ್ನಷ್ಟೇ ಬಳಸಿ. ಪರಾಗದ ಅಲರ್ಜಿ ಇರುವವರು ಕ್ಯಾಲೆಂಡುಲಾ ಮತ್ತು ಸೇವಂತಿಗೆ ಜಾತಿಯ ಹೂಗಳನ್ನು ತಿನ್ನದಿರುವುದೇ ಒಳ್ಳೆಯದು.

ಮೊದಲ ಹಿಮದ ರಾತ್ರಿ

ಹವಾಮಾನ ವರದಿಯಲ್ಲಿ ಶೂನ್ಯ ಡಿಗ್ರಿಯ ಸುಳಿವು ಕಂಡ ದಿನ ಮೆಣಸು, ಕಾಮಕಸ್ತೂರಿ, ಪುಂಡಿ, ದಂಟು, ನಸ್ಟರ್ಶಿಯಂಗಳಲ್ಲಿ ಇದ್ದದ್ದನ್ನೆಲ್ಲ ಕೊಯ್ದುಬಿಡಿ, ಬೆಳಗಾಗುವಷ್ಟರಲ್ಲಿ ಅವು ಬೆಂದ ಸೊಪ್ಪಿನಂತೆ ಜೋತುಬಿದ್ದಿರುತ್ತವೆ. ಕುಂಡದಲ್ಲಿರುವ ಮೆಣಸನ್ನು ಒಳಗೆ ತಂದು ಬಿಸಿಲಿನ ಕಿಟಕಿಯಲ್ಲಿಟ್ಟರೆ ಇನ್ನೂ ಕೆಲವು ವಾರ ಬಾಳುತ್ತದೆ. ಚಾರ್ಡ್ ಲಘು ಹಿಮವನ್ನು ತಾಳಿಕೊಳ್ಳುತ್ತದೆ, ಅದಕ್ಕಿಂತ ಕೆಳಗಿಳಿದರೆ ಬಟ್ಟೆ ಹೊದಿಸಬೇಕು. ಕೇಲ್‌ಗೆ ಏನೂ ಮಾಡಬೇಡಿ. ಚಳಿಗೆ ಒಗ್ಗಿದ ಕೇಲ್ ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿ ಜೀವಕೋಶ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಹಾಗಾಗಿ ಹಿಮ ಬಿದ್ದ ಮೇಲಿನ ಎಲೆ ಮೊದಲಿಗಿಂತ ಸಿಹಿ. ಹೆಪ್ಪುಗಟ್ಟಿರುವಾಗ ಎಲೆ ಮುಟ್ಟಿದರೆ ಗಾಜಿನಂತೆ ಒಡೆದು ಕಪ್ಪಾಗುತ್ತದೆ. ಬಿಸಿಲೇರಿ ಎಲೆಯಂಚಿನ ಬಿಳಿಪು ಕರಗಿ, ತೊಟ್ಟಿಕ್ಕುವುದು ನಿಂತ ಮೇಲೆ ಬುಟ್ಟಿ ಹಿಡಿದು ಹೋಗಿ.